ಹಳದಿ ಹತ್ತಿಯ ಆಟಿ ತಿಂಗಳು

ಕಳೆದ ವಾರ ಕುಲಶೇಖರದಲ್ಲಿ ನಮ್ಮ ಪಕ್ಕದ ಮನೆಯವರು ತಾರಸಿಯ ಮೇಲಿನ ಹಳೆ ಸೋಲಾರನ್ನು ಇಳಿಸಿದರು. ಗಾಳಿಗೆ ಮಾವಿನ ಗೆಲ್ಲು ಬಿದ್ದು ಗಾಜು ಒಡೆದಿತ್ತು. ಕಂಪೆನಿಯವರೇ ಗಾಡಿ ತಂದಿದ್ದರು. ಮೂಗಿಗೆ ಬಟ್ಟೆ, ಕೈಗೆ ಉದ್ದದ ಗ್ಲೌಸು. ಪೆಟ್ಟಿಗೆಯನ್ನು ಬಿಚ್ಚಿ ಒಳಗಿನ ಹಳದಿ ಹತ್ತಿಯಂಥದ್ದನ್ನು ಜಾಗ್ರತೆಯಲ್ಲಿ ಎತ್ತಿ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ನಾನು ತುಳಸಿಗೆ ನೀರು ಹಾಕುತ್ತಾ ಕಂಪೌಂಡಿನ ಈಚೆ ನಿಂತಿದ್ದೆ. ನೋಡಿದ್ದು ಕಣ್ಣು, ತುರಿಸಿದ್ದು ಮೊಣಕೈ. ಇಷ್ಟು ವರ್ಷ ಆದ ಮೇಲೂ ಚರ್ಮಕ್ಕೆ ಅದರ ನೆನಪು ಉಂಟು. ಚೊಂಬನ್ನು ಕಟ್ಟೆಯ ಮೇಲಿಟ್ಟು, ಅವರು ಗಾಡಿ ತುಂಬಿಸಿ ಹೋಗುವವರೆಗೂ ಅಲ್ಲೇ ನಿಂತೆ.

ನಾನು ಹೇಳುವುದು ಎಂಬತ್ತರ ನಂತರದ ಮಾತು. ಆಗ ನಾವು ಕದ್ರಿ ಗುಡ್ಡದ ಇಳಿಜಾರಿನಲ್ಲಿ ಒಂದು ಹಂಚಿನ ಬಾಡಿಗೆ ಮನೆಯಲ್ಲಿದ್ದೆವು. ಮನೆಯಲ್ಲಿ ಅತ್ತೆ, ಇವರು, ನಾನು. ಇವರು ಅಂದರೆ ನನ್ನ ಯಜಮಾನರು. ಗುಡ್ಡದ ಮೇಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಸೂಪರ್‌ವೈಸರ್ ಆಗಿದ್ದರು. ಅಲ್ಲಿನ ತಾರಸಿಯಲ್ಲಿ ಬಿಸಿಲಿಗೆ ನೀರು ಕಾಯಿಸುವ ಪೆಟ್ಟಿಗೆಗಳನ್ನು ಹೊಸತಾಗಿ ಕೂರಿಸಿದ್ದರು. ಒಲೆ ಇಲ್ಲ, ಕಟ್ಟಿಗೆ ಇಲ್ಲ, ನಳ್ಳಿ ತಿರುಗಿಸಿದರೆ ಬಿಸಿನೀರು. ರೋಗಿಯನ್ನು ನೋಡಲಿಕ್ಕೆ ಬಂದವರು ಮೆಟ್ಟಿಲು ಹತ್ತಿ ಅದನ್ನೂ ನೋಡಿ ಹೋಗುವುದಿತ್ತು.

ಆ ವರ್ಷ ಮಳೆ ಹಿಡಿಯುವ ಮೊದಲಿನ ಗಾಳಿಗೆ ಪಕ್ಕದ ಹಿತ್ತಿಲಿನ ತೆಂಗಿನ ಮರದಿಂದ ಒಂದು ಇಡೀ ಗೊನೆ ಕಳಚಿ ತಾರಸಿಯ ಮೇಲೆ ಬಿತ್ತು. ಎರಡು ಪೆಟ್ಟಿಗೆಗಳು ಹಾಳಾದವು. ಒಂದರ ಗಾಜು ಪುಡಿಪುಡಿ, ಇನ್ನೊಂದರದ್ದು ಮೂಲೆಯಲ್ಲಿ ಸೀಳು, ಒಳಗಿನ ಕೊಳವೆಗಳೆಲ್ಲ ಸೊಟ್ಟ. ಆಡಳಿತದವರು ಇವರನ್ನು ಕರೆದು, "ಎಲ್ಲಿಯಾದರೂ ಹಾಕಿ ಬಿಡಿ" ಅಂದರಂತೆ. ಎಲ್ಲಿಯಾದರೂ ಅಂದರೆ ಎಲ್ಲಿ? ಕಸದ ಲಾರಿಯವರು ಗಾಜು ಕಂಡು ಮುಟ್ಟಲಿಲ್ಲ. ಚರಂಡಿಯ ಬದಿಯಲ್ಲಿ ಇಟ್ಟರೆ ದನಕ್ಕೆ, ಮಕ್ಕಳಿಗೆ ತಾಗುತ್ತದೆ. ಹೀಗೆ ಯೋಚಿಸಿ ಯೋಚಿಸಿ ಇವರು ಒಂದು ಕೈಗಾಡಿಯಲ್ಲಿ ಎರಡನ್ನೂ ಮನೆಗೆ ತಂದು ಅಂಗಳದಲ್ಲಿ ಇಳಿಸಿದರು.

ಅತ್ತೆ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. "ಎಂತದು ಮಾರಾಯ ಇದು, ಇಗರ್ಜಿಯ ಪೊರ್ಬುಗಳ ಹೆಣದ ಪೆಟ್ಟಿಗೆ ಹಾಗೆ?"

"ಅಮ್ಮ, ಬಿಸಿಲಿಗೆ ನೀರು ಕಾಯಿಸುವುದು."

"ನೀರು ಎಲ್ಲಿ?"

"ಇದು ಒಡೆದು ಹೋಗಿದೆ."

"ನೆಟ್ಟಗೆ ಇರುವಾಗ ಆಸ್ಪತ್ರೆಯವರಿಗೆ, ಒಡೆದ ಮೇಲೆ ನಮಗೆ. ಒಳ್ಳೆಯ ಬುದ್ಧಿ ನಿನ್ನದು."

ಬಾಯಲ್ಲಿ ಹಾಗೆ ಹೇಳಿದರೂ ಅವರ ಕಣ್ಣು ಪೆಟ್ಟಿಗೆಯ ಮೇಲೆಯೇ. ಅತ್ತೆ ಒಂದು ವಸ್ತುವನ್ನು ಬಿಸಾಡಿದ್ದು ನಾನು ನೋಡಿದ್ದೇ ಇಲ್ಲ. ತೆಂಗಿನಕಾಯಿಯ ಗೆರಟೆ ಸೌಟಾಗುತ್ತಿತ್ತು, ಹರಿದ ಸೀರೆ ಗಾದಿಯಾಗುತ್ತಿತ್ತು, ಗಾದಿ ಹರಿದರೆ ಒರೆಸುವ ಬಟ್ಟೆ. ಮರುದಿನ ಬೆಳಿಗ್ಗೆ ನೋಡುವಾಗ ಪೆಟ್ಟಿಗೆಯ ಕಪ್ಪು ತಗಡಿನ ಮೇಲೆ ಹಲಸಿನ ಹಪ್ಪಳ ಸಾಲಾಗಿ ಮಲಗಿದ್ದವು. ಸಂಜೆಗೆ ಒಣಗಿದ್ದೇನೋ ಹೌದು, ಆದರೆ ಎಲ್ಲ ಹಪ್ಪಳದ ಬೆನ್ನಿಗೂ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಅದನ್ನೂ ಅತ್ತೆ ಬಿಸಾಡಲಿಲ್ಲ, ಕೆರೆದು ಕೆರೆದು ಕಾಯಿಸಿದರು. ನಾವು ತಿಂದೆವು. ದೇವರು ದೊಡ್ಡವನು, ಯಾರಿಗೂ ಎಂತ ಆಗಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಗುಜರಿಯ ಅದ್ರಾಮಾಕ ಬಂದರು. ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು, ಸುತ್ತಿಗೆ ಹಿಡಿದು ಪೆಟ್ಟಿಗೆ ಬಿಚ್ಚಿದರು. ತಾಮ್ರದ ಕೊಳವೆ, ಅಲ್ಯೂಮಿನಿಯಂ ಚೌಕಟ್ಟು, ತಗಡು ಎಲ್ಲ ಅವರ ಗೋಣಿಗೆ ಹೋಯಿತು. ಸೀಳಿದ ಗಾಜಿನಲ್ಲಿ ಚೆನ್ನಾಗಿದ್ದ ಭಾಗವನ್ನು ಇವರು ಕತ್ತರಿಸಿ ಇಟ್ಟುಕೊಂಡರು. ಕತ್ತಲೆಯ ಅಡಿಗೆಕೋಣೆಯ ಮಾಡಿನಲ್ಲಿ ಒಂದು ಹಂಚು ತೆಗೆದು ಕೂರಿಸಿದ ಮೇಲೆ, ನನ್ನ ಒಲೆಯ ಮೇಲೆ ಹಗಲಿನ ಬೆಳಕು ಬೀಳಲು ಶುರುವಾಯಿತು. ಮದುವೆಯಾಗಿ ಆರು ವರ್ಷ ಅಕ್ಕಿಯ ಕಲ್ಲನ್ನು ಬಾಗಿಲಿಗೆ ಬಂದು ಆರಿಸಿದವಳಿಗೆ ಅದು ಸಣ್ಣ ಉಪಕಾರವಲ್ಲ.

ಉಳಿದದ್ದು ಪೆಟ್ಟಿಗೆಯ ಅಡಿಯಲ್ಲಿ ಹಾಸಿದ್ದ ಹಳದಿ ಹತ್ತಿ. ಅರಸಿನ ನೀರಲ್ಲಿ ಅದ್ದಿ ಒಣಗಿಸಿದ ಹಾಗಿತ್ತು. ಅದ್ರಾಮಾಕ ಒಂದು ಮುಷ್ಟಿ ಎತ್ತಿ ನೋಡಿ ಕೆಳಗೆ ಹಾಕಿದರು. "ಇದು ತೂಗುವುದೂ ಇಲ್ಲ, ಇದನ್ನು ಕೇಳುವವರೂ ಇಲ್ಲ ಅಮ್ಮ. ತಲೆದಿಂಬಿಗೆ ತುಂಬಿಸಿ, ಒಳ್ಳೆ ನಿದ್ದೆ ಬರಬಹುದು" ಅಂತ ನಕ್ಕು ಗೋಣಿ ಹೊತ್ತು ನಡೆದರು. ಅವರು ತಮಾಷೆಗೆ ಹೇಳಿದ್ದು. ಅತ್ತೆ ಅದನ್ನು ಗೋಣಿಗೆ ತುಂಬಿಸಿ ಅಟ್ಟಕ್ಕೆ ಹಾಕಿದ್ದು ತಮಾಷೆಗೆ ಅಲ್ಲ.

ಅದು ಹತ್ತಿ ಅಲ್ಲ, ಗಾಜನ್ನೇ ಕರಗಿಸಿ ಕೂದಲಿಗಿಂತ ಸಪೂರ ಎಳೆದ ನಾರು, ಬಿಸಿ ಹೊರಗೆ ಹೋಗದ ಹಾಗೆ ಹಾಸುವುದು ಅಂತ ಇವತ್ತು ಎಲ್ಲರಿಗೂ ಗೊತ್ತಿರಬಹುದು. ನಮಗೆ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿಲ್ಲ, ನನಗೂ ಇಲ್ಲ, ಪೆಟ್ಟಿಗೆ ತಂದ ಇವರಿಗೂ ಇಲ್ಲ.

ಅದೇ ಮಳೆಗಾಲ ನನ್ನ ನಾದಿನಿ ವಸಂತಿ ಬಾಣಂತನಕ್ಕೆ ಬಂದಿದ್ದಳು. ಅವಳನ್ನು ಕೊಟ್ಟದ್ದು ಕಾವೂರಿಗೆ, ಗಂಡ ದುಬೈಯಲ್ಲಿ. ಮೊದಲಿನದು ಐದನೇ ತಿಂಗಳಲ್ಲಿ ಹೋಗಿತ್ತು. ಆದ್ದರಿಂದ ಈ ಸಲ ಅವಳು ಹೊಸ್ತಿಲು ದಾಟಿ ಬಂದ ದಿನದಿಂದ ಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಟ್ಟವರಲ್ಲ. ನಮ್ಮ ಆಟಿ ತಿಂಗಳು, ಅಂದರೆ ಆಷಾಢ, ಹಿಡಿದು ಸ್ವಲ್ಪ ದಿನಕ್ಕೆ, ಹೊತ್ತಿಗೆ ಮೊದಲೇ, ಇವರ ನರ್ಸಿಂಗ್ ಹೋಮಿನಲ್ಲೇ ಹೆರಿಗೆಯಾಯಿತು. ಹೆಣ್ಣು. ನಮ್ಮ ಕಡೆ ಸಂತಾನ ಹೋಗುವುದು ಹೆಣ್ಣಿನಲ್ಲಿ. ಅತ್ತೆ ಸುದ್ದಿ ಕೇಳಿದವರೇ ಕದ್ರಿ ದೇವಸ್ಥಾನದ ದಿಕ್ಕಿಗೆ ತಿರುಗಿ, ಮಳೆಯಲ್ಲೇ ನಿಂತು ಕೈ ಮುಗಿದರು.

ಮಗು ತೀರಾ ಸಣ್ಣದು. ಬಾಳೆಯ ಸುಳಿ ಎಲೆಯ ಹಾಗೆ ಚರ್ಮ, ಬೆರಳು ಒತ್ತಿದರೆ ಗುರುತು ಉಳಿಯುತ್ತಿತ್ತು. ಡಾಕ್ಟ್ರಮ್ಮ ಮನೆಗೆ ಕಳಿಸುವಾಗ ಹೇಳಿದ್ದು ಇಷ್ಟೇ: "ಬೆಚ್ಚಗೆ ಇಡಿ. ಹೊಗೆ ಬೇಡ, ಧೂಳು ಬೇಡ. ಚರ್ಮಕ್ಕೆ, ಎದೆಗೆ ಎಂತದೂ ಸೋಂಕಬಾರದು. ಈ ಒಂದೆರಡು ತಿಂಗಳು ದಾಟಿದರೆ ಮತ್ತೆ ಹೆದರಿಕೆ ಇಲ್ಲ."

ಅತ್ತೆ ಆ ಮಾತನ್ನು ವೇದದ ಹಾಗೆ ತೆಗೆದುಕೊಂಡರು. ಬೆಚ್ಚಗೆ ಇಡಬೇಕು. ಆದರೆ ಆಟಿಯ ಮಳೆಗೆ ಮನೆಯಲ್ಲಿ ಒಣಗಿದ್ದು ಅಂತ ಎಂತ ಉಂಟು? ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಬೂರುಗದ ಹತ್ತಿಯ ಹಾಸಿಗೆಗಳೆಲ್ಲ ಮುದ್ದೆಯಾಗಿ ಮುಗ್ಗಲು ವಾಸನೆ. ಒಂದು ಬೆಳಿಗ್ಗೆ ಅತ್ತೆ ಅಟ್ಟ ಹತ್ತಿ ಆ ಗೋಣಿ ಇಳಿಸಿದರು. ಹಳದಿ ಹತ್ತಿ ಹಾಗೆಯೇ ಇತ್ತು. ಹಗುರ, ಗರಿಗರಿ, ಒಂದು ಹುಳ ಇಲ್ಲ, ಬೂಸ್ಟು ಇಲ್ಲ.

"ನೋಡು ಸರೋಜ, ನೀರು ಹಿಡಿಯಲಿಲ್ಲ! ಬಾಲೆಗೆ ಅಂತ ದೇವರೇ ಕಳಿಸಿದ್ದು."

ಗೀಟಿನ ಹಾಸಿಗೆ ಬಟ್ಟೆ ತರಿಸಿದರು. ಇಬ್ಬರೂ ಕೂತು ತೊಟ್ಟಿಲಿನ ಅಳತೆಗೆ ಒಂದು ಪುಟ್ಟ ಹಾಸಿಗೆ ತುಂಬಿಸಿದೆವು. ಉಳಿದದ್ದರಲ್ಲಿ ಅತ್ತೆ ಒಂದು ತಲೆದಿಂಬು ಹೊಲಿದು ಬೇಲಿಯಾಚೆಯ ಲಿಲ್ಲಿ ಬಾಯಿಗೆ ಕೊಟ್ಟರು. ಲಿಲ್ಲಿ ಬಾಯಿ ವಸಂತಿಗೆ ಬಾಣಂತಿ ಲೇಹ ಕಾಯಿಸಿ ತಂದಿದ್ದರು, ಅದಕ್ಕೆ ಇದು.

ಅವತ್ತೇ ಸಂಜೆ ನನ್ನ ಕೈ ಎರಡೂ ಮೊಣಕೈಯವರೆಗೆ ತುರಿಸಲು ಹಿಡಿಯಿತು. ಅದರಲ್ಲಿ ಯಾರಿಗೂ ಆಶ್ಚರ್ಯ ಇರಲಿಲ್ಲ. ಯಾಕೆಂದರೆ ಅವತ್ತು ಮಧ್ಯಾಹ್ನ ನಾನು ಪತ್ರೊಡೆಗೆ ಮರಕೆಸುವಿನ ಎಲೆ ಹೆಚ್ಚಿದ್ದೆ. ಆಟಿಯಲ್ಲಿ ಪತ್ರೊಡೆ ಮಾಡದ ಮನೆ ನಮ್ಮಲ್ಲಿ ಇಲ್ಲ, ಕೆಸು ಹೆಚ್ಚಿ ಕೈ ತುರಿಸದ ಸೊಸೆಯೂ ಇಲ್ಲ. ಹುಣಸೆಹುಳಿ ಕಿವುಚಿ ಹಚ್ಚಿಕೊಂಡೆ.

"ನಿನ್ನದು ಪೇಟೆಯ ಕೈ" ಅತ್ತೆ ನಕ್ಕರು. "ನನಗೆ ನೋಡು, ಎಂತದೂ ಇಲ್ಲ." ಅವರದ್ದು ಗದ್ದೆಯಲ್ಲಿ ನೇಜಿ ನೆಟ್ಟು, ಒನಕೆ ಹಿಡಿದು ಹದವಾದ ಅಂಗೈ. ಸೂಜಿ ಚುಚ್ಚಿದರೂ ಎರಡು ಸಲ ಯೋಚಿಸಬೇಕು.

ಆ ಆಟಿಯಲ್ಲಿ ಪತ್ರೊಡೆ ಮತ್ತೆ ಮತ್ತೆ ಆಯಿತು, ಕೆಸು ಅಷ್ಟು ಚಿಗುರಿತ್ತು. ಹಾಸಿಗೆಗೆ ಅಂಚು ಹೊಲಿಯುವ ಕೆಲಸವೂ ನಡುನಡುವೆ ನಡೆಯುತ್ತಿತ್ತು. ಹೀಗೆ ನನ್ನ ತುರಿಕೆಗೆ ಒಂದು ಹೆಸರು ಸಿಕ್ಕಿ ಹೋಗಿತ್ತು. ಹೆಸರು ಸಿಕ್ಕಿದ ಮೇಲೆ ಅದರ ಬಗ್ಗೆ ಯಾರು ಯೋಚಿಸುತ್ತಾರೆ?

ಹಾಸಿಗೆ ಆದದ್ದು ಆಯಿತು, ಮಗುವನ್ನು ಅದರ ಮೇಲೆ ಮಲಗಿಸಲಿಲ್ಲ ಯಾಕೆ ಅಂತ ನೀವು ಕೇಳಬಹುದು. ಆಟಿಯೇ ಕಾರಣ. ಆಟಿಯಲ್ಲಿ ನಾವು ಶುಭ ಕೆಲಸ ಮಾಡುವುದಿಲ್ಲ. ತೊಟ್ಟಿಲಿಗೆ ಹಾಕುವುದು ಮುಂದಿನ ಸೋಣ ತಿಂಗಳು ಹಿಡಿದ ಮೇಲೆಯೇ ಅಂತ ಅತ್ತೆ ಮೊದಲೇ ಹೇಳಿದ್ದರು. ಹೊಸ ಹಾಸಿಗೆ ಹೊಸ ತೊಟ್ಟಿಲಿಗೆ. ಅಲ್ಲಿಯವರೆಗೆ ತೀರಿಹೋದ ಮಾವನವರ ಹಳೆ ಮುಂಡಿನ ಮಡಿಕೆಯ ಮೇಲೆ, ವಸಂತಿಯ ಮಗ್ಗುಲಲ್ಲಿ ಮಗು. ಹಾಸಿಗೆ ಬಟ್ಟೆ ಸುತ್ತಿಕೊಂಡು ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ದಿನವೂ ಅದರ ಕೆಳಗೆ ನಾನು ಗುಡಿಸುತ್ತಿದ್ದೆ. ಆಟಿಯನ್ನು ಕಷ್ಟದ ತಿಂಗಳು ಅನ್ನುವವರ ಹತ್ತಿರ ನಾನು ಇವತ್ತಿಗೂ ಜಗಳ ಮಾಡುತ್ತೇನೆ. ಆ ತಿಂಗಳು ಕೈ ಅಡ್ಡ ಹಿಡಿದು ನಿಂತದ್ದನ್ನು ನಾನು ಕಂಡವಳು.

ಸೋಣ ಹಿಡಿಯಿತು. ಹೊಸ್ತಿಲಿಗೆ ಹೂವಿಡುವ ತಿಂಗಳು. ಕೆಸುವಿಗೆ ಹುಳ ಬಿದ್ದು ಎಲೆಯೆಲ್ಲ ಜಾಲರಿಯಾಗಿತ್ತು, ಪತ್ರೊಡೆ ನಿಂತು ಹೋಗಿ ವಾರ ಕಳೆದಿತ್ತು. ತೊಟ್ಟಿಲಿನ ಹಿಂದಿನ ದಿನ ನಾನು ಹಾಸಿಗೆಯ ಮೂಲೆಗೆ ಕೊನೆಯ ಹೊಲಿಗೆ ಹಾಕಿದೆ. ಬೆಳಿಗ್ಗೆ ಏಳುವಾಗ ಕೈ ಉರಿ.

ನಾನು ಹೊಸ್ತಿಲು ತೊಳೆಯುತ್ತಾ ಕೈ ನೋಡಿದೆ. ಕೆಂಪು ಗೆರೆಗಳು. ಕೆಸು ಇಲ್ಲದೆ ಎಂತ ಇದು? ಆಗಲೂ ಹೊಳೆಯಲಿಲ್ಲ. ಅಪರೂಪಕ್ಕೆ ಬಿಸಿಲು ಬಂದಿತ್ತು. ಮಗುವಿಗೆ ಬೆಚ್ಚಗಾಗಲಿ ಅಂತ ಹಾಸಿಗೆಯನ್ನು ಗೂಟದಿಂದ ತೆಗೆದು ಅಂಗಳಕ್ಕೆ ತಂದು ಬೆತ್ತದಲ್ಲಿ ಎರಡು ಪೆಟ್ಟು ಕೊಟ್ಟೆ. ನಾನು ತೊಟ್ಟದ್ದು ಕಡು ಹಸಿರು ರವಿಕೆ. ಬಿಸಿಲಿಗೆ ಅದರ ತೋಳು ಮಿಣಮಿಣ ಹೊಳೆಯಿತು, ಬಳೆ ಒಡೆದು ಅದರ ಪುಡಿ ಉದುರಿದ ಹಾಗೆ. ಕೈಯಾಡಿಸಿದರೆ ಚುಚ್ಚಿತು. ಹೊಲಿಗೆಯ ಬಾಯಿ ಸ್ವಲ್ಪ ಬಿಚ್ಚಿ, ಎರಡು ಬೆರಳಲ್ಲಿ ಆ ಹತ್ತಿಯನ್ನು ತಿಕ್ಕಿದೆ. ಹತ್ತಿ ತಿಕ್ಕಿದರೆ ಮೆತ್ತಗಾಗುತ್ತದೆ. ಇದು ಮುರಿಯಿತು. ಮುರಿದು, ಬೆರಳ ತುದಿಯಲ್ಲಿ ನಿಂತಿತು.

ಒಳಗೆ ವಸಂತಿ ಮಗುವಿಗೆ ಹಾಲು ಕೊಡುತ್ತಾ ಗುನುಗುವುದು ಕೇಳುತ್ತಿತ್ತು.

ಇವರು ಮಾವಿನೆಲೆ ಕಟ್ಟುತ್ತಿದ್ದರು. ಕರೆದು ತೋರಿಸಿದೆ. ಬೆರಳು ಹಾಕಿ ನೋಡಿದರು, ಮುಖ ಸಣ್ಣದಾಯಿತು. ಆದರೂ, "ಈಗ ಬೇಡ ಮಾರಾಯ್ತಿ. ಕಾವೂರಿನವರು ಬಸ್ಸಿಂದ ಇಳಿಯುವ ಹೊತ್ತು. ಅಮ್ಮ ಅಷ್ಟು ಆಸೆಯಲ್ಲಿ ಹೊಲಿದದ್ದು. ಶಾಸ್ತ್ರಕ್ಕೆ ಒಂದು ಗಳಿಗೆ ಮಲಗಿಸಲಿ, ಮಧ್ಯಾಹ್ನ ನಾನೇ ತೆಗೆದು ಹಾಕ್ತೇನೆ" ಅಂದರು.

"ಒಂದು ಗಳಿಗೆ ಅಂದರೆ? ಅದು ಮಗುವಿನ ಮೂಗಿಗೆ ಹೋಗಲಿಕ್ಕೆ ಎಷ್ಟು ಗಳಿಗೆ ಬೇಕು?"

ಅವರು ಪುನಃ ಮಾವಿನೆಲೆ ಕೈಗೆತ್ತಿಕೊಂಡರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಅವರು ಹೆದರಿದ್ದು ನನಗಾಗಿ ಅಂತ ನನಗೆ ಗೊತ್ತಿತ್ತು. ಆರು ವರ್ಷ ಆಗಿಯೂ ನನ್ನ ಮಡಿಲು ತುಂಬಿರಲಿಲ್ಲ. ಅಂಥವಳು ತೊಟ್ಟಿಲಿನ ದಿನ ಎದ್ದು, ನಾದಿನಿಯ ಮಗುವಿನ ಹಾಸಿಗೆ ಸರಿ ಇಲ್ಲ ಅಂದರೆ, ಕೇಳಿದವರು ಹಾಸಿಗೆಯನ್ನು ನೋಡುವುದಿಲ್ಲ, ನನ್ನನ್ನು ನೋಡುತ್ತಾರೆ.

ದೇವರ ಕೋಣೆಯ ಎದುರು ನಿಂತೆ. ಬೇಡಲಿಕ್ಕೆ ಹೊತ್ತಿರಲಿಲ್ಲ. ಹಾಗೆಯೇ ಚಾವಡಿಗೆ ಹೋಗಿ, ತೊಟ್ಟಿಲು ಒರೆಸುತ್ತಿದ್ದ ಅತ್ತೆಗೆ ಹೇಳಿದೆ: "ಅತ್ತೆ, ಈ ಹಾಸಿಗೆ ಬೇಡ. ಒಳಗೆ ಗಾಜಿನ ಹಾಗೆ ಎಂತದೋ ಉಂಟು. ನನ್ನ ಕೈ ನೋಡಿ. ಕೆಸು ಅಲ್ಲ ಅದು, ಇದೇ."

ಅತ್ತೆ ನನ್ನ ಕೈ ನೋಡಲಿಲ್ಲ. "ಇಡೀ ಆಟಿ ಹೊಲಿಯುವಾಗ ಇಲ್ಲದ್ದು ಇವತ್ತು ಬಂತಾ? ನಿನ್ನ ಕೈ ತುರಿಸುವುದಾ ಸರೋಜ, ಹೊಟ್ಟೆಯಾ?"

ಒಳಗೆ ಗುನುಗು ನಿಂತಿತು. ವಸಂತಿಗೆ ಕೇಳಿತ್ತು.

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಕಣ್ಣಲ್ಲಿ ನೀರು ಬಂತು, ಆದರೆ ನಾಲಗೆ ಕಟ್ಟಲಿಲ್ಲ. ಅದೂ ದೇವರ ದಯೆಯೇ. "ಹೊಟ್ಟೆಯದ್ದು ಅಂತಲೇ ಎಣಿಸಿ ಅತ್ತೆ. ಆದರೆ ಮಗುವನ್ನು ಹಾಕುವ ಮೊದಲು ಅದರ ಮೇಲೆ ನಾನು ಮಲಗ್ತೇನೆ. ನನ್ನ ಕೆನ್ನೆ ನೋಡಿ, ಮತ್ತೆ ನೀವು ಹೇಳಿದ ಹಾಗೆ."

"ನೀನು ಎಂತಕ್ಕೆ? ನಿನಗೆ ಕೆಸುವೂ ತುರಿಸ್ತದೆ, ಸೆಗಣಿಯೂ ತುರಿಸ್ತದೆ. ನಾನು ಮಲಗ್ತೇನೆ. ತಾ ಇಲ್ಲಿ."

ಚಾವಡಿಯ ನಡುವೆ ಹಾಸಿಗೆ ಹಾಸಿ ಅತ್ತೆ ಮಲಗಿದರು. ಅಷ್ಟು ಸಣ್ಣ ಹಾಸಿಗೆಯಲ್ಲಿ ಹಿಡಿದದ್ದು ಅವರ ತಲೆ ಮತ್ತು ಒಂದು ತೋಳು ಮಾತ್ರ. ಕೆನ್ನೆ ಒತ್ತಿ, ಕಣ್ಣು ಮುಚ್ಚಿ, "ಸುಖ ಉಂಟು" ಅಂತ ನನಗೆ ಕೇಳುವ ಹಾಗೆ ಹೇಳಿ, ರಾಮ ರಾಮ ಅನ್ನಲು ಶುರು ಮಾಡಿದರು. ಇವರು ಮಾವಿನೆಲೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ. ವಸಂತಿ ಮಗುವನ್ನು ಎತ್ತಿಕೊಂಡು ಒಳಬಾಗಿಲಲ್ಲಿ.

ರಾಮ ರಾಮ ಒಂದೇ ಸಮ ಹೋಗುತ್ತಿತ್ತು. ಮೆಲ್ಲ ಅದರ ನಡುವೆ ಒಂದು ಕೆಮ್ಮು ಬಂತು. ಮತ್ತೆ ಮೇಲಿನ ಕೈ ಕಿವಿಯ ಹತ್ತಿರ ಹೋಯಿತು, ತುರಿಸಲಿಲ್ಲ, ಸೀರೆಯ ಸೆರಗು ಸರಿ ಮಾಡುವ ಹಾಗೆ ಮಾಡಿ ಕೆಳಗೆ ಬಂತು. ಪುನಃ ಹೋಯಿತು. ಈ ಸಲ ಕುತ್ತಿಗೆಗೆ. ರಾಮನ ಹೆಸರು ಬೇಗ ಬೇಗ ಆಯಿತು. ಕಡೆಗೆ ಅತ್ತೆ ಎದ್ದು ಕೂತರು. ಕಿಟಕಿಯ ಬೆಳಕಿಗೆ ಅವರ ಕೆನ್ನೆ ನೋಡಿದೆ. ಅಂಗೈ ಹದವಾದರೂ ಕೆನ್ನೆ ಹದವಾಗಿರಲಿಲ್ಲ. ಕೆಂಪೆದ್ದು ಸಣ್ಣ ಸಣ್ಣ ಬೊಕ್ಕೆಗಳು.

ಅತ್ತೆ ತಮ್ಮ ಕೆನ್ನೆ ಮುಟ್ಟಿಕೊಂಡು ವಸಂತಿಯ ಕಡೆ ನೋಡಿದರು. ವಸಂತಿಯ ಕಡೆ ಅಲ್ಲ, ಅವಳ ಎದೆಗೆ ಒರಗಿದ್ದ ಆ ಪುಟ್ಟ ಕೆನ್ನೆಯ ಕಡೆ. ಮರುಕ್ಷಣ ಎದ್ದು ನಿಂತು, "ದೇವರೇ! ಲಿಲ್ಲಿ ಬಾಯಿ!" ಅಂದವರೇ ಅಂಗಳಕ್ಕೆ ಇಳಿದರು. ಕಾಲಿಗೆ ಚಪ್ಪಲಿಯೂ ಇಲ್ಲ. ಬೇಲಿಯ ಸಂದಿನಲ್ಲಿ ನುಗ್ಗಿದರು. ನಾನು ಹಿಂದೆಯೇ ಓಡಿದೆ.

ಲಿಲ್ಲಿ ಬಾಯಿ ಜಗಲಿಯಲ್ಲಿ ಮೀನು ಸರಿ ಮಾಡುತ್ತಿದ್ದರು. "ಎಂತ ಕಲ್ಯಾಣಿಯಕ್ಕ, ತೊಟ್ಟಿಲಿಗೆ ಕರೆಯಲಿಕ್ಕೆ ಬಂದದ್ದಾ? ನಾನು ಬರುವವಳೇ, ಈ ಬಂಗುಡೆ ಒಂದು ಮುಗಿಸಿ."

"ಆ ದಿಂಬು ಕೊಡಿ ಲಿಲ್ಲಿ ಬಾಯಿ."

"ಯಾವ ದಿಂಬು?"

"ನಾನು ಕೊಟ್ಟದ್ದು. ಅದರಲ್ಲಿ ಗಾಜು ಉಂಟು. ನನಗೆ ಗೊತ್ತಿರಲಿಲ್ಲ. ತಪ್ಪಾಯ್ತು."

ಅತ್ತೆಯ ಬಾಯಿಂದ ತಪ್ಪಾಯ್ತು ಅನ್ನುವ ಶಬ್ದ ನಾನು ಕೇಳಿದ್ದು ಅದೇ ಮೊದಲು. ಲಿಲ್ಲಿ ಬಾಯಿ ಕತ್ತಿಯನ್ನು ಹಾಗೆಯೇ ಬಿಟ್ಟು ಒಳಗೆ ನೋಡಿ ಕೂಗಿದರು, "ಕೇಳಿತಾ? ಸೋಪಿಗೆ ಬೈದದ್ದು ಸಾಕು, ಹೊರಗೆ ಬನ್ನಿ!" ಒಳಗಿಂದ ಅವರ ಗಂಡ ಬಂದರು. ಹಂಚಿನ ಕಾರ್ಖಾನೆಯಿಂದ ನಿವೃತ್ತರಾದ, ಸಮಾಧಾನದ ಮನುಷ್ಯ. ಎಡಗೆನ್ನೆ, ಕಿವಿ ಎಲ್ಲ ಕೆಂಪು.

"ಮೊದಲು ಶೇವಿಂಗ್ ಸೋಪು ಬದಲಿಸಿದರು" ಲಿಲ್ಲಿ ಬಾಯಿ ಹೇಳಿದರು. "ಮತ್ತೆ ಬ್ಲೇಡು. ಮತ್ತೆ ನನಗೆ ಬೈಗುಳ, ದಿಂಬಿನ ಬಟ್ಟೆಗೆ ಸೋಡ ಜಾಸ್ತಿ ಹಾಕ್ತಿ ಅಂತ. ಪಾಪ ನಾನು, ನಿತ್ಯ ಆ ಬಟ್ಟೆ ಒಗೆದು ಒಗೆದು ಇಟ್ಟದ್ದು!"

"ಕಲ್ಯಾಣಿಯಕ್ಕ ಕೊಟ್ಟ ದಿಂಬು ಬಹಳ ಮೆತ್ತಗೆ ಅಂತ ನಾನೇ ಹೇಳಿದ್ದು" ಅಂತ ಆ ಮನುಷ್ಯ ಕೆನ್ನೆ ಉಜ್ಜುತ್ತಾ ನಕ್ಕರು. ಅವರು ನಕ್ಕದ್ದು ನಮಗೆ ಎಷ್ಟು ದೊಡ್ಡ ಉಪಕಾರ ಅಂತ ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ಬೇರೆಯವರಾದರೆ ಆ ಬೇಲಿ ಅವತ್ತೇ ಗೋಡೆಯಾಗುತ್ತಿತ್ತು.

ದಿಂಬನ್ನು ಒಂದು ಒದ್ದೆ ಗೋಣಿಯಲ್ಲಿ ಸುತ್ತಿ ತಂದೆವು. ಹಾಸಿಗೆಯನ್ನೂ ಅದಕ್ಕೇ ಹಾಕಿದೆವು. ಇವರು ಚಾವಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು, ಒಮ್ಮೆ ಅಲ್ಲ, ಮತ್ತೆ ಮತ್ತೆ. ಅತ್ತೆಯೂ ನಾನೂ ಬಾವಿಕಟ್ಟೆಗೆ ಹೋಗಿ ತಲೆಗೇ ನೀರು ಸುರಿದುಕೊಂಡೆವು. ಅವರು ನನಗೆ ನೀರು ಸೇದಿ ಕೊಟ್ಟರು. ಸೀರೆ ಬದಲಿಸಿ ಬರುವುದಕ್ಕೂ ಕಾವೂರಿನವರು ಗೇಟು ತೆರೆಯುವುದಕ್ಕೂ ಸರಿಹೋಯಿತು.

ವಸಂತಿಯ ಅತ್ತೆ ದೊಡ್ಡ ಸ್ವರದ ಹೆಂಗಸು. ಬಾಯಿಗೆ ಬೆಲ್ಲ ನೀರು ಹಾಕುವ ಮೊದಲೇ ತೊಟ್ಟಿಲು ಬಗ್ಗಿ ನೋಡಿದರು. ಅದರಲ್ಲಿ ಅತ್ತೆಯ ಒಂದು ಹಳೆ ಕೈಮಗ್ಗದ ಸೀರೆ ಮಡಚಿ ಹಾಸಿತ್ತು.

"ಅಜ್ಜಿ ಹಾಸಿಗೆ ಹೊಲಿದಿದ್ದಾರೆ, ಅಂಥದ್ದು ಊರಲ್ಲಿ ಇಲ್ಲ ಅಂತ ಸುದ್ದಿ ಬಂದಿತ್ತಲ್ಲ. ಎಲ್ಲಿ ಉಂಟು?"

ನಾನು ಲೋಟದ ತಟ್ಟೆ ಹಿಡಿದು ನಿಂತಿದ್ದೆ. ಇವರು ನೆಲ ನೋಡಿದರು. ಹಾಸಿಗೆ ಮುಗಿಯಲಿಲ್ಲ ಅನ್ನಬಹುದಿತ್ತು. ಇಲಿ ಕಡಿಯಿತು ಅನ್ನಬಹುದಿತ್ತು. ಅತ್ತೆ ಕೆನ್ನೆಯ ಮೇಲಿನ ಸೆರಗು ಸರಿಸಿದರು.

"ಹೊಲಿದಿದ್ದೆ. ಅದು ಚುಚ್ಚುತ್ತದೆ, ಇಗೊಳ್ಳಿ ನನ್ನ ಮುಖ. ನನಗೆ ಗೊತ್ತಾಗಲಿಲ್ಲ. ಇವಳು ನೋಡಿ ಹೇಳಿದಳು. ನಾನು ಬೈದೆ, ಆದರೂ ಹೇಳಿದಳು."

ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ಜನರ ಎದುರು, "ಸರೋಜ, ಮಗುವನ್ನು ತೊಟ್ಟಿಲಿಗೆ ನೀನು ಹಾಕು" ಅಂದರು.

ಮಕ್ಕಳಾಗದವಳನ್ನು ಯಾರೂ ಅಂಥದ್ದಕ್ಕೆ ಮುಂದೆ ಕರೆಯುವ ಕಾಲ ಅಲ್ಲ ಅದು. ವಸಂತಿ ತಾನಾಗಿ ಎರಡು ಹೆಜ್ಜೆ ಮುಂದೆ ಬಂದು, "ಅತ್ತಿಗೆ, ಹಿಡೀರಿ" ಅಂತ ಮಗುವನ್ನು ಚಾಚಿದಳು. ನನ್ನ ಕೈ ಮೇಲೆ ಬಂದದ್ದು ನನಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಆ ಕೈಯ ಕೆಂಪು ಗೆರೆಗಳು ಕಂಡವು. ಸ್ನಾನ ಮಾಡಿದ್ದು ಹೌದು, ಉಜ್ಜಿದ್ದು ಹೌದು. ಆದರೂ ಉಗುರಿನ ಸಂದಿಯಲ್ಲಿ, ಚರ್ಮದ ಒಳಗೆ, ಎಲ್ಲಾದರೂ ಒಂದು ಚೂರು ಉಳಿದಿದ್ದರೆ?

"ನನ್ನ ಕೈ ಇನ್ನೂ ಚುಚ್ಚುತ್ತಾ ಉಂಟು, ವಸಂತಿ. ಮಗುವಿಗೆ ತಾಗುವುದು ಬೇಡ."

ಅತ್ತೆ ತಮ್ಮ ಕೈ ನೋಡಿಕೊಂಡರು. ಮುಖ ನೋಡಿಕೊಳ್ಳಲಿಕ್ಕೆ ಕನ್ನಡಿ ಬೇಕಿರಲಿಲ್ಲ. "ಹಾಗಾದರೆ ನನಗೂ ಆಗಲಿಕ್ಕಿಲ್ಲ" ಅಂದರು.

ಮಗುವನ್ನು ತೊಟ್ಟಿಲಿಗೆ ಹಾಕಿದ್ದು ಕಾವೂರಿನ ಅಜ್ಜಿ. ವಾಣಿ ಅಂತ ಕಿವಿಯಲ್ಲಿ ಕೂಗಿದ್ದೂ ಅವರೇ. ಲಿಲ್ಲಿ ಬಾಯಿ ತೊಟ್ಟಿಲು ತೂಗಿದರು. ನಾನೂ ಅತ್ತೆಯೂ ಎರಡು ಕೈ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಹೊರಗೆ ನಿಲ್ಲಿಸಿದ ಮಕ್ಕಳ ಹಾಗೆ, ಹೊಸ್ತಿಲ ಈಚೆ ಅಕ್ಕಪಕ್ಕ ನಿಂತು ನೋಡಿದೆವು. ಹಿಂದೆ ಕಟ್ಟಿದ ಕೈಯನ್ನು ಅತ್ತೆ ಗೋಡೆಗೆ ಮೆಲ್ಲ ಉಜ್ಜುವ ಸದ್ದು ನನಗೆ ಕೇಳುತ್ತಿತ್ತು. ನಾನೂ ಉಜ್ಜಿದೆ. ಒಮ್ಮೆ ಇಬ್ಬರ ಕಣ್ಣೂ ಸೇರಿತು. ನಗು ತಡೆಯಲಿಕ್ಕೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಮದುವೆಯಾಗಿ ಬಂದ ಮೇಲೆ ಅವರೊಟ್ಟಿಗೆ ಒಂದೇ ವಿಷಯಕ್ಕೆ ನಕ್ಕದ್ದು ಅಲ್ಲಿ.

ಆ ಹಳದಿ ಹತ್ತಿಯನ್ನು ಎಂತ ಮಾಡುವುದು ಅನ್ನುವುದು ಆಮೇಲಿನ ದೊಡ್ಡ ಪ್ರಶ್ನೆಯಾಯಿತು. ಗುಜರಿಗೆ ಬೇಡ. ಸುಟ್ಟರೆ ಉರಿಯುವುದಿಲ್ಲ. ಗುಂಡಿ ತೋಡಿ ಹೂಳುವ ಅಂದರೆ ಕೆಳಗೆಯೇ ಊರವರ ಬಾವಿ. "ನನ್ನ ಕಣ್ಣೆದುರು ಬೇಡ, ಬಿಸಾಡಿ" ಅಂತ ಅತ್ತೆಯೇ ಹೇಳಿದರು. ಆದರೆ ಬಿಸಾಡುವ ಜಾಗವೇ ಇಲ್ಲದ ವಸ್ತು ಅದು. ಗೋಣಿಯ ಬಾಯಿ ಹೊಲಿದು ಕೊಟ್ಟಿಗೆಯ ಮೂಲೆಯಲ್ಲಿ ಒಂದು ಡ್ರಮ್ಮಿನೊಳಗೆ ಇಟ್ಟು ಮುಚ್ಚಿದೆವು. ಮಳೆ ಕಳೆದ ಮೇಲೆ ನರ್ಸಿಂಗ್ ಹೋಮಿಗೆ ಹೊಸ ಪೆಟ್ಟಿಗೆ ಕೂರಿಸುವವರು ಬಂದರು. ಬಿಸಿನೀರಿನ ಟ್ಯಾಂಕಿಗೆ ಸುತ್ತಲಿಕ್ಕೆ ಅವರಿಗೆ ಅದೇ ಬೇಕಿತ್ತು. ಇವರು ಗೋಣಿಯನ್ನು ಹೊತ್ತುಕೊಂಡು ಹೋಗಿ ಕೊಟ್ಟರು. ಗೀಟಿನ ಬಟ್ಟೆಯ ಸಮೇತವೇ ಅದನ್ನು ಟ್ಯಾಂಕಿಗೆ ಸುತ್ತಿ ಮೇಲೆ ತಗಡು ಹೊಡೆದರಂತೆ. ಮುಂದೆ ಎಷ್ಟೋ ವರ್ಷ ಅಲ್ಲಿ ಹೆತ್ತವರು ಮಿಂದದ್ದು ಆ ಬಿಸಿನೀರಿನಲ್ಲಿ. ಎಲ್ಲ ವಸ್ತುವಿಗೂ ಅದರದ್ದೇ ಒಂದು ಜಾಗ ಉಂಟು, ನಾವು ತಪ್ಪಿ ಬೇರೆ ಕಡೆ ಇಟ್ಟರೆ ಅದು ಚುಚ್ಚಿ ಹೇಳುತ್ತದೆ ಅಂತ ನನಗೆ ಕಾಣುತ್ತದೆ.

ವಾಣಿ ಬೆಳೆದಳು. ಆ ಒಂದೆರಡು ತಿಂಗಳು ದಾಟಿತು, ಎದೆ ಗಟ್ಟಿಯಾಯಿತು. ನನ್ನ ಮಡಿಲಿಗೆ ಮಗು ಬರಲೇ ಇಲ್ಲ. ಆದರೆ ಮಾಮಿ ಅಂತ ಕೂಗಿಕೊಂಡು ಬಂದು ಆ ಮಡಿಲಲ್ಲಿ ತಲೆ ಇಡುವವಳು ಇವತ್ತಿಗೂ ಇದ್ದಾಳೆ. ನನಗೆ ಲೆಕ್ಕ ಸರಿಯಾಗಿಯೇ ಉಂಟು.

ತೊಟ್ಟಿಲಿನ ದಿನ ಸಂಜೆ ನೆಂಟರು ಹೋದ ಮೇಲೆ ನಾನು ದೇವರಿಗೆ ದೀಪ ಹಚ್ಚಲು ಕೂತೆ. ಸಂಜೆಗೆ ತುರಿಕೆ ಹೆಚ್ಚಾಗಿತ್ತು, ಬತ್ತಿ ಹೊಸೆಯಲಿಕ್ಕೂ ಆಗುತ್ತಿರಲಿಲ್ಲ. ಅತ್ತೆ ಹಿಂದಿನಿಂದ ಬಂದು ಕೂತರು. ಬೆಳಗಿನ ಮಾತಿನ ಬಗ್ಗೆ ಎಂತದೂ ಹೇಳಲಿಲ್ಲ. ನನ್ನ ಕೈಯಿಂದ ಬತ್ತಿ ತೆಗೆದುಕೊಂಡು ತಾವೇ ಹೊಸೆದು ಕೊಟ್ಟರು. ತಲೆನೋವು ಬಂದರೂ, ಕಾಲು ಉಳುಕಿದರೂ ಆ ದೀಪದ ಎದುರು ನಿಂತು ಕಡಿಮೆ ಮಾಡಪ್ಪ ಅಂತ ಬೇಡುವ ಅಭ್ಯಾಸ ನನ್ನದು. ಅವತ್ತೂ ದೀಪ ಹಚ್ಚಿ ಕೈ ಮುಗಿದೆ. ಮುಗಿದ ಕೈ ಎರಡೂ ಉರಿಯುತ್ತಿದ್ದವು. ಈ ಉರಿ ಇಲ್ಲದಿದ್ದರೆ ಮಗು ಅವತ್ತು ಆ ಹಾಸಿಗೆಯ ಮೇಲೆ ಮಲಗುತ್ತಿತ್ತು. ಕಡಿಮೆ ಮಾಡು ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ.